ಕಾಲಿಗೆ ಮಾತ್ರ ಇದ್ದ ವಿಮೆ

1991ನೇ ಇಸವಿಯ ಶ್ರಾವಣದಲ್ಲಿ ಕಲಬುರ್ಗಿಯ ಒಂದು ದೊಡ್ಡ ದವಾಖಾನೆಯವರು ನನ್ನ ಬಲಗಾಲನ್ನು ಮಂಚದ ಕಬ್ಬಿಣದ ಚೌಕಟ್ಟಿಗೆ ಕಟ್ಟಿ, ಹಗ್ಗದ ತುದಿಗೆ ತೂಕ ಇಳಿಬಿಟ್ಟಿದ್ದರು. ಆ ಕಾಲಿಗೆ ಏನೂ ಆಗಿರಲಿಲ್ಲ. ಆಗಿಲ್ಲ ಅನ್ನುವುದು ಇಡೀ ದವಾಖಾನೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ತುಟಿ ಬಿಚ್ಚದೆ ಮಲಗಿದ್ದೆ. ಇವತ್ತಿಗೂ ಅದನ್ನು ನೆನೆದರೆ ಮೊದಲು ನಗು ಬರುತ್ತದೆ, ಆಮೇಲೆ ಮೈ ಝುಂ ಅನ್ನುತ್ತದೆ.

ಅಫಜಲಪುರದ ಬಸ್ ಸ್ಟ್ಯಾಂಡ್ ಎದುರಿಗೆ ನನ್ನದೊಂದು ಗಡಿಯಾರ ರಿಪೇರಿ ಅಂಗಡಿ. ಊರಲ್ಲಿ ನನಗೆ ಘಡಿ ಶರಣಪ್ಪ ಅಂತಾರೆ. ಕರಜಗಿಯಲ್ಲಿ ಹಿರಿಯರ ಹೊಲ ಇದೆ, ಅಣ್ಣ ನೋಡಿಕೊಳ್ಳುತ್ತಾನೆ, ಮನೆಗೆ ಬೇಕಾದ ಜೋಳ ಅಲ್ಲಿಂದಲೇ ಬರುತ್ತದೆ. ಚಿಂತೆ ಮಾಡಲಿಕ್ಕೆ ದೊಡ್ಡ ಕಾರಣ ಏನೂ ಇರಲಿಲ್ಲ. ಆದರೆ ದಿನವಿಡೀ ಟಿಕ್ ಟಿಕ್ ಕೇಳುತ್ತ ಕೂಡುವವನಿಗೆ ಒಂದಲ್ಲ ಒಂದು ದಿನ ತನ್ನೊಳಗಿನ ಟಿಕ್ ಟಿಕ್ಕಿನ ಮೇಲೆ ಸಂಶಯ ಶುರುವಾಗುತ್ತದೆ. ಗಿರಾಕಿಗಳ ವಾಚು ಮುಂದಿಟ್ಟುಕೊಂಡು ನಾನು ನಾಡಿ ಹಿಡಿದು ನೋಡುತ್ತಿದ್ದೆ. ಒಂದು ವಾಚಿನಲ್ಲಿ ನೋಡಿದರೆ ನಾಡಿ ಕುದುರೆಯ ಹಾಗೆ ಓಡುತ್ತಿತ್ತು, ಇನ್ನೊಂದರಲ್ಲಿ ನಿಂತೇಹೋದ ಹಾಗೆ ಕಾಣುತ್ತಿತ್ತು. ಇವೆಲ್ಲ ಕೆಟ್ಟು ರಿಪೇರಿಗೆ ಬಂದ ವಾಚುಗಳು ಅನ್ನುವುದು ನೆನಪಾಗುವಷ್ಟರಲ್ಲಿ ಅಂಗಿ ಬೆವರಿನಿಂದ ತೊಯ್ದಿರುತ್ತಿತ್ತು.

ಆಗ ನಮ್ಮೂರಲ್ಲಿ ಒಂದು ಟ್ರಸ್ಟಿನ ಸಣ್ಣ ದವಾಖಾನೆ ಇತ್ತು. ನಡೆಸುತ್ತಿದ್ದವರು ಡಾಕ್ಟರ್ ಮಾಲತಿಬಾಯಿ, ಊರಿಗೆಲ್ಲ ಬರೇ ಬಾಯಿ. ಸೊಲ್ಲಾಪುರ ಕಡೆಯವರು, ಮಾತಿನಲ್ಲಿ ಅರ್ಧ ಮರಾಠಿ, ಉಳಿದರ್ಧ ಬೈಗುಳ. ಅಲ್ಲಿ ಒಂದು ಪದ್ಧತಿ ಇತ್ತು. ಸುಗ್ಗಿ ಮುಗಿದು ಹೊಸ ಜೋಳ ಮನೆ ಸೇರಿದ ಮೇಲೆ, ಮನೆಗೊಂದು ಎಣ್ಣೆ ಡಬ್ಬಿ ತುಂಬ ಜೋಳ ಒಯ್ದು ದವಾಖಾನೆಯ ಪಡಸಾಲೆಯಲ್ಲಿ ಸುರಿಯಬೇಕು. ಆ ಜೋಳದಲ್ಲಿ ಒಳಗೆ ಮಲಗಿದ ರೋಗಿಗಳಿಗೆ ರೊಟ್ಟಿಯಾಗುತ್ತಿತ್ತು. ಸುರಿದ ಮನೆಗೆ ಒಂದು ಹಳದಿ ಕಾರ್ಡು. ಕಾರ್ಡು ಇದ್ದವರನ್ನು ವರ್ಷವಿಡೀ ಪುಕ್ಕಟೆ ನೋಡುತ್ತಿದ್ದರು, ಗುಳಿಗೆ ಔಷಧ ಕೊಡುತ್ತಿದ್ದರು. ಮಲಗಿಸಿಕೊಂಡರೆ ಅರ್ಧ ಖರ್ಚು ಮಾತ್ರ. ಈಗಿನವರು ಇದಕ್ಕೆ ಹೆಲ್ತ್ ಇನ್ಶೂರೆನ್ಸ್ ಅಂತ ದೊಡ್ಡ ಹೆಸರು ಇಡುತ್ತಾರೇನೋ. ನಾವು ಜೋಳದ ಕಾರ್ಡು ಅನ್ನುತ್ತಿದ್ದೆವು.

ಇದಕ್ಕೆ ಬಾಯಿಯವರದು ಒಂದೇ ಒಂದು ಕಟ್ಟುಪಾಡು. ಜೋಳ ಬಂದರಷ್ಟೇ ಸಾಲದು, ಮನೆಯವರೆಲ್ಲ ಜೋಳದ ಸಂಗಡ ಬರಬೇಕು. ಮುದುಕರು, ಕೂಸುಗಳು, ಹೊಲಕ್ಕೆ ಹೋದವರು, ಯಾರನ್ನೂ ಬಿಡುವಂತಿಲ್ಲ. ಆಕೆ ಜೋಳದ ರಾಶಿಯ ಬದಿಗೆ ಕುರ್ಚಿ ಹಾಕಿಕೊಂಡು ಕೂತು, ಒಬ್ಬೊಬ್ಬರ ನಾಲಿಗೆ ನೋಡಿ, ಕಣ್ಣಿನ ರೆಪ್ಪೆ ಎಳೆದು, ಹೊಟ್ಟೆ ಒತ್ತಿ ಮುಂದಕ್ಕೆ ಕಳಿಸುತ್ತಿದ್ದಳು. ಒಬ್ಬರು ಕಡಿಮೆ ಬಂದರೂ ಜೋಳದ ಡಬ್ಬಿ ವಾಪಸ್.

ನಮ್ಮದು ಸಣ್ಣ ಸಂಸಾರ. ನಾನು, ನನ್ನ ಹೆಂಡತಿ ಕಸ್ತೂರಿ, ಇಬ್ಬರು ಹೆಣ್ಣುಮಕ್ಕಳು. ಮಕ್ಕಳದೂ ಆಕೆಯದೂ ಒಂದು ಗಳಿಗೆಯಲ್ಲಿ ಮುಗಿಯುತ್ತಿತ್ತು. ನನ್ನ ಪಾಳಿ ಬಂದರೆ ಹಿಂದೆ ನಿಂತವರು ನೆಲದ ಮೇಲೆ ಕೂತುಬಿಡುತ್ತಿದ್ದರು. ಎದೆ ಡವಡವ ಅನ್ನುವುದು, ಹೊಟ್ಟೆಯೊಳಗೆ ಉರಿ, ಬೆನ್ನಿನಲ್ಲಿ ಚಳುಕು, ಇದು ಕಿಡ್ನಿಯ ಕಲ್ಲಿರಬಹುದೇ, ತಲೆ ತಿರುಗುವುದು, ಕಿವಿಯೊಳಗೆ ಗುಂಯ್ ಅನ್ನುವುದು. ಸರಕಾರಿ ಕಚೇರಿಯಲ್ಲಿ ಅರ್ಜಿ ಓದಿ ಹೇಳುವ ಹಾಗೆ ಎಲ್ಲ ಹೇಳುತ್ತಿದ್ದೆ. ತೊಂಬತ್ತನೇ ಇಸವಿಯ ಸುಗ್ಗಿಯಲ್ಲಿ ಬಾಯಿಯವರ ತಾಳ್ಮೆ ಮುಗಿಯಿತು. ಅರ್ಧದಲ್ಲೇ ಕೈ ಎತ್ತಿ, ಪಡಸಾಲೆ ತುಂಬ ಕೇಳುವ ಹಾಗೆ, "ಅರೆ ಶರಣಪ್ಪ, ನಿನಗ ಕಾಹೀ ಝಾಲ ನಾಹೀ. ಏನೂ ಆಗಿಲ್ಲ, ಹೋಗು. ನಿನ್ನ ಹಿಂದ ನಿಂತಾರಲ್ಲ, ಅವರು ನಿಜವಾದ ಪೇಶಂಟ್," ಅಂದಳು.

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಸಾಯುವ ಹಾಗೆ ಆಗಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಏನೂ ಆಗಿಲ್ಲ ಅಂದದ್ದೇ ದೊಡ್ಡ ಅವಮಾನವಾಯಿತು.

ಅದೇ ಹೊತ್ತಿನಲ್ಲಿ ಊರಿಗೆ ಪಾಲಿಸಿಯ ಗಾಳಿ ಬೀಸಿತ್ತು. ತಂದವನು ನನ್ನ ಷಡ್ಡಕ, ಅಂದರೆ ಕಸ್ತೂರಿಯ ತಂಗಿಯ ಗಂಡ, ಜೇವರ್ಗಿಯ ಬಸವಂತರಾಯ. ಸಫಾರಿ ಸೂಟು, ಕಂಕುಳಲ್ಲಿ ಚರ್ಮದ ಚೀಲ, ಎದುರಿಗೆ ಕೂತವನಿಗೆ ಯಾವಾಗಲಾದರೂ ಏನಾದರೂ ಆಗಬಹುದು ಅನ್ನುವಂಥ ನಗು. ವರ್ಷಕ್ಕೊಮ್ಮೆ ಕಂತು ಕಟ್ಟಿದರೆ ಸಾಕು, ಕಲಬುರ್ಗಿ, ಸೊಲ್ಲಾಪುರ, ಹೈದರಾಬಾದು, ಯಾವ ದೊಡ್ಡ ದವಾಖಾನೆಯಲ್ಲಿ ಬೇಕಾದರೂ ಮಲಗಬಹುದು, ಬಿಲ್ಲು ಕೊಟ್ಟರೆ ಕಂಪನಿ ದುಡ್ಡು ಕಳಿಸುತ್ತದೆ ಅಂತ ಅವನ ಮಾತು.

ಜನ ಒಬ್ಬೊಬ್ಬರಾಗಿ ಜೋಳದ ಕಾರ್ಡು ಬಿಟ್ಟು ಪಾಲಿಸಿಗೆ ಹೋದರು. ಒಬ್ಬೊಬ್ಬರದು ಒಂದೊಂದು ಕಾರಣ. ನಮ್ಮ ಸಾಲಿನ ಬಟ್ಟೆ ಅಂಗಡಿಯವನಿಗೆ ಕೂಲಿ ಆಳುಗಳ ಸಂಗಡ ಪಾಳಿ ನಿಲ್ಲುವುದು ಬೇಡಾಗಿತ್ತು. ಕಿರಾಣಿಯವನಿಗೆ ತಂಬಾಕು ಬಿಡು ಅಂತ ವರ್ಷವರ್ಷ ಬೈಸಿಕೊಂಡು ಸಾಕಾಗಿತ್ತು. ಇನ್ನೊಬ್ಬನಿಗೆ ಜೋಳ ಕೊಟ್ಟು ಔಷಧ ತಗೊಳ್ಳುವುದು ಹಳ್ಳಿಯವರ ಬಾಳು ಅನಿಸಿತ್ತು. ಪಾಲಿಸಿ ಅಂದರೆ ಮೊಹರಿನ ಸಿಕ್ಕಾ ಹಾಕಿದ ಕಾಗದ, ಕಟ್ಟು ಹಾಕಿಸಿ ಗೋಡೆಗೆ ತೂಗಬಹುದು. ಬಾಯಿಯ ಔಷಧ ಹತ್ತಲಿಲ್ಲ ಅಂತ ಬಿಟ್ಟವರು ಒಬ್ಬರೂ ಇರಲಿಲ್ಲ. ನಾನು ಬಿಟ್ಟದ್ದು ಎಲ್ಲರಿಗಿಂತ ಘನವಾದ ಕಾರಣಕ್ಕೆ: ನನ್ನ ರೋಗಗಳಿಗೆ ಅಲ್ಲಿ ಮರ್ಯಾದೆ ಇರಲಿಲ್ಲ.

ಕಸ್ತೂರಿಗೆ ಇದು ಸೇರಲಿಲ್ಲ. ಆಕೆ ಆಳಂದ ತಾಲೂಕಿನ ಹಿರೋಳ್ಳಿಯವಳು, ಮಾತು ಕಡಿಮೆ. "ಆ ಬಾಯಿ ನಮ್ಮನ್ನ ನೋಡ್ತಾಳ್ರಿ. ಪಾಲಿಸಿ ಯಾರನ್ನ ನೋಡ್ತದ?" ಅಂದಳು. ನಿನಗೆ ತಿಳಿಯುವುದಿಲ್ಲ ಬಿಡು ಅಂದೆ. ಹಾಗೆ ಅನ್ನಲಿಕ್ಕೆ ನನಗೆ ಯಾವತ್ತೂ ಕಾರಣ ಬೇಕಾಗಿದ್ದಿಲ್ಲ.

ಬಸವಂತರಾಯ ಅಂಗಡಿಯಲ್ಲೇ ಕೂತು ಅರ್ಜಿ ತುಂಬಿಸಿದ. ಇದಕ್ಕೆ ಮೊದಲು ಏನಾದರೂ ಕಾಯಿಲೆ ಇತ್ತೇ ಅನ್ನುವ ಪ್ರಶ್ನೆ ಬಂತು. ಊರಿನವರೆಲ್ಲ ಅಲ್ಲಿ ಏನೂ ಇಲ್ಲ ಅಂತ ಬರೆಸಿದ್ದರು. ಹಾಗೆ ಬರೆಸಲಿಕ್ಕೆ ನಾನೇನು ಊರಿನವರ ಹಾಗೆ ಆರೋಗ್ಯವಂತನೇ? ಕೊನೆಗೂ ಒಬ್ಬ ಮನುಷ್ಯ ಪೆನ್ನು ಹಿಡಿದು ನನ್ನ ರೋಗಗಳನ್ನು ಕೇಳುತ್ತ ಕೂತಿದ್ದ. ನನಗೆ ಉಮೇದು ಬಂತು. ಎದೆ ಹೇಳಿದೆ, ಹೊಟ್ಟೆ ಹೇಳಿದೆ, ಕಿಡ್ನಿ, ತಲೆ, ಕಿವಿ, ಕಣ್ಣು, ಒಂದನ್ನೂ ಬಿಡಲಿಲ್ಲ. ಬರೆಯುವ ಜಾಗ ಮುಗಿದಾಗ ಅಂಚಿನಲ್ಲಿ ಬರೆಸಿದೆ. ಬಸವಂತರಾಯ ಒಮ್ಮೆ ತಲೆಯೆತ್ತಿ, "ಇಷ್ಟೆಲ್ಲಾ ಬೇಕೇನ್ರಿ ಅಣ್ಣಾವ್ರ?" ಅಂದ. ಸುಳ್ಳು ಬರೆಸುವವ ನಾನಲ್ಲ ಅಂತ ಎದೆಯುಬ್ಬಿಸಿ ಹೇಳಿದೆ.

ಪಾಲಿಸಿ ಬಂತು. ಸಂಗಡ ಒಂದು ಚೀಟಿ ಅಂಟಿಸಿದ್ದರು. ಮೊದಲೇ ಇದ್ದ ಕಾಯಿಲೆಗಳಿಗೆ ಕಂಪನಿ ಜವಾಬ್ದಾರಿ ಅಲ್ಲ ಅಂತ ಹೇಳಿ, ಎದೆ, ಹೊಟ್ಟೆ, ಕರುಳು, ಕಿಡ್ನಿ, ತಲೆ, ಕಣ್ಣು, ಕಿವಿ, ಎಲ್ಲವನ್ನೂ ನನ್ನ ಮಾತಿನ ಮೇಲೆ ನಂಬಿಕೆಯಿಟ್ಟು ತೆಗೆದುಹಾಕಿದ್ದರು. ಕಸ್ತೂರಿ, ಮಕ್ಕಳದು ಹಾಗೇ ಇತ್ತು. ನನ್ನಲ್ಲಿ ಉಳಿದದ್ದು ಕೈಕಾಲು. ನನ್ನ ರೋಗಗಳು ನಿಜ ಅಂತ ಒಪ್ಪಿದವರು ಕೊನೆಗೆ ಆ ಕಂಪನಿಯವರೊಬ್ಬರೇ. ಆ ಸಮಾಧಾನಕ್ಕೆ ಕಂತು ಕಟ್ಟಿದ ಹಾಗಾಯಿತು.

ಮುಂದಿನ ಸುಗ್ಗಿಗೆ ನಾವು ಜೋಳ ಒಯ್ಯಲಿಲ್ಲ. ಪಾಲಿಸಿಯಲ್ಲಿ ನೆಗಡಿ ಕೆಮ್ಮಿಗೆ ಏನೂ ಇಲ್ಲ. ದವಾಖಾನೆಯಲ್ಲಿ ಮಂಚದ ಮೇಲೆ ಮಲಗಿದರೆ ಮಾತ್ರ ಲೆಕ್ಕ. ಬಾಯಿಯ ದವಾಖಾನೆ ಅಂಗಡಿಯಿಂದ ಕೂಗಿದರೆ ಕೇಳುವಷ್ಟು ಹತ್ತಿರ, ಆದರೆ ಕಾರ್ಡು ಇಲ್ಲದೆ ಯಾವ ಮುಖ ಹೊತ್ತು ಹೋಗಲಿ? ಆಕೆ ಎದುರಿಗೆ ಬಂದರೆ ಗಿರಾಕಿಯ ವಾಚಿನೊಳಗೆ ತಲೆ ತೂರಿಸಿಕೊಂಡು ಕೂತುಬಿಡುತ್ತಿದ್ದೆ. ಒಂದು ವರ್ಷದ ಮೇಲಾಯಿತು, ನನ್ನ ಹೊಟ್ಟೆಯನ್ನು ಯಾರೂ ಒತ್ತಿ ನೋಡಲಿಲ್ಲ.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಹೊಕ್ಕುಳ ಸುತ್ತ ನೋವು ಹತ್ತಿತು. ನನ್ನ ಎಂದಿನ ನೋವುಗಳು ನೆಂಟರಿದ್ದ ಹಾಗೆ, ಬಂದು ಕೂತು ಮಾತಾಡಿಸಿ ಹೋಗುತ್ತವೆ. ಇದು ಹಾಗಿರಲಿಲ್ಲ. ವಾಂತಿ ಬಂದ ಹಾಗಾಯಿತು, ಚಹಾ ಬೇಡಾಯಿತು. ಮಧ್ಯಾಹ್ನದ ಹೊತ್ತಿಗೆ ನೋವು ಸರಿದು ಹೊಟ್ಟೆಯ ಬಲಬದಿಗೆ ಕೆಳಗೆ ಕೂತಿತು. ಬಲಗಾಲು ನೀಟಾಗಿ ಚಾಚಿದರೆ ಒಳಗಿನಿಂದ ಯಾರೋ ಹಿಡಿದು ಜಗ್ಗಿದ ಹಾಗೆ. ಮೊಣಕಾಲು ಮಡಚಿ, ಕುಂಟುತ್ತ ಮನೆಗೆ ಬಂದೆ.

ಕಸ್ತೂರಿ ಬಾಗಿಲಲ್ಲೇ ನೋಡಿ ಕಾಲಿಗೆ ಏನಾಯಿತು ಅಂತ ಕೇಳಿದಳು. ಆ ಒಂದು ಗಳಿಗೆಯಲ್ಲಿ ನನ್ನ ತಲೆಯೊಳಗೆ ಏನೇನು ಓಡಿತು ಅಂತೀರಿ! ಹೊಟ್ಟೆ ಅಂದರೆ ಪಾಲಿಸಿಯಿಂದ ಹೊರಗೆ. ಕಾಲು ಅಂದರೆ ಒಳಗೆ. ಆಕೆಯೇ ಕಾಲು ಅಂದಿದ್ದಾಳೆ, ನಾನು ಸುಳ್ಳು ಹೇಳಿದಂತೆಯೂ ಆಗಲಿಲ್ಲ. "ಹೌದು, ಕಾಲು," ಅಂದೆ.

ಬಾಯಿಯ ಹತ್ತಿರ ಹೋಗೋಣ ಅಂದಳು. ಕಾಲಿಗೆ ಪಾಲಿಸಿ ಇರುವಾಗ ಬಾಯಿ ಯಾಕೆ ಅಂದು ಜೇವರ್ಗಿಗೆ ಫೋನ್ ಮಾಡಿಸಿದೆ. ಪಾಪ, ಒಂದು ವರ್ಷದಿಂದ ಬಸವಂತರಾಯನ ಪಾಲಿಸಿದಾರರಲ್ಲಿ ಒಬ್ಬನೂ ಮಂಚ ಹತ್ತಿರಲಿಲ್ಲ. ಅವನ ದನಿ ಫೋನಿನಲ್ಲೇ ಕುಣಿಯಿತು. "ಕಾಲೇನ್ರಿ? ಭಲೇ, ಕಾಲು ನಮ್ಮದದ. ಸೀದಾ ಕಲಬುರ್ಗಿಗೆ ಬರ್ರಿ, ಅಡ್ಮಿಟ್ ಆಗೂದೊಂದ ಬಾಕಿ." ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಮರುದಿನ ಬೆಳಗಿನ ಬಸ್ಸು ಹಿಡಿದೆವು. ಆ ರಸ್ತೆಯ ಒಂದೊಂದು ತಗ್ಗೂ ನನ್ನ ಹೊಟ್ಟೆಯೊಳಗೆ ಇಳಿದು ಹೋಯಿತು. ಕಸ್ತೂರಿ ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಒತ್ತುತ್ತ ಬಂದಳು. ಬೇಡ ಅನ್ನಲಿಕ್ಕೂ ಆಗದು, ಅಯ್ಯೋ ಅನ್ನಲಿಕ್ಕೂ ಆಗದು.

ಎಲುಬಿನ ಡಾಕ್ಟರು ಒಳ್ಳೆಯ ಮನುಷ್ಯ. ಎಲ್ಲಿ ನೋವು ಅಂತ ಕೇಳಿದರು, ತೊಡೆಯ ಸಂದು ತೋರಿಸಿದೆ. ಹೊಟ್ಟೆಗೆ ಎಷ್ಟು ಹತ್ತಿರ ತೋರಿಸಬಹುದೋ ಅಷ್ಟು ಹತ್ತಿರ ತೋರಿಸಿದೆ, ಗೆರೆ ದಾಟಲಿಲ್ಲ. ಕಾಲು ಚಾಚಿಸಿದರೆ ನೋವು, ಮೈಯಲ್ಲಿ ಸಣ್ಣ ಜ್ವರ. ಬೇರೆ ಕಡೆ ಏನಾದರೂ ತ್ರಾಸ ಇದೆಯೇ ಅಂತ ಅವರು ಕೇಳಿಯೂ ಕೇಳಿದರು. ಜೇವರ್ಗಿಯಿಂದ ಬಂದಿದ್ದ ಬಸವಂತರಾಯ ನನ್ನ ತಲೆಯ ಹತ್ತಿರವೇ ನಿಂತಿದ್ದ. "ಇಲ್ರಿ," ಅಂದೆ. ಕ್ಷ-ಕಿರಣದ ಚಿತ್ರ ತೆಗೆದರು, ಎಲುಬು ಚೊಕ್ಕ ಇತ್ತು. ಸಂದಿನೊಳಗೆ ಬಾವು ಇರಬಹುದು, ಕಾಲಿಗೆ ವಿಶ್ರಾಂತಿ ಬೇಕು ಅಂತ ಹೇಳಿ, ಮಂಚ ಹತ್ತಿಸಿ, ತೂಕ ಕಟ್ಟಿಸಿದರು. ಬಸವಂತರಾಯ ನನ್ನ ಕೈ ಕುಲುಕಿ, ಚಿಂತೆ ಮಾಡಬೇಡಿ ಅಂತ ಹೇಳಿ ಜೇವರ್ಗಿಯ ಬಸ್ಸಿಗೆ ಹೋದ. ಅಷ್ಟು ಖುಷಿಯಿಂದ ಬೀಳ್ಕೊಂಡವನನ್ನು ನಾನು ಮದುವೆ ಮನೆಯಲ್ಲೂ ಕಂಡಿಲ್ಲ.

ತೂಕ ಕಾಲನ್ನು ಜಗ್ಗುತ್ತಿತ್ತು, ಕಾಲು ಹೊಟ್ಟೆಯನ್ನು ಜಗ್ಗುತ್ತಿತ್ತು. ಬಾಯಿ ತೆಗೆದರೆ ನಿಜ ಹೊರಗೆ ಬೀಳುತ್ತದೆ ಅಂತ ಹಲ್ಲು ಕಚ್ಚಿ ಮಲಗಿದೆ. ಮೊದಲ ದಿನ ಹಟಕ್ಕೆ ಸುಮ್ಮನಿದ್ದೆ. ಎರಡನೆಯ ದಿನದ ಹೊತ್ತಿಗೆ ಮಾತಾಡುವ ಮನಸ್ಸೇ ಹೋಗಿತ್ತು. ಜ್ವರ ಏರಿತ್ತು. ಎದುರಿನ ಗೋಡೆ ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. ಇಷ್ಟು ವರ್ಷ ನಾಡಿ ಹಿಡಿದು ನೋಡುತ್ತ ಕಾದು ಕೂತಿದ್ದ ಗಳಿಗೆ ಇದೇ ಇರಬೇಕು ಅನಿಸಿತು. ಅದು ಬಂದಾಗ ನಾಡಿ ಹಿಡಿಯಬೇಕು ಅಂತಲೂ ತೋಚಲಿಲ್ಲ.

ನರ್ಸಮ್ಮನಿಗೆ ನನ್ನ ಮೇಲೆ ಬಹಳ ಮೆಚ್ಚಿಕೆ. ಮಧ್ಯಾಹ್ನ ಜ್ವರ ನೋಡಲಿಕ್ಕೆ ಬಂದವಳು ಕಸ್ತೂರಿಗೆ, "ನಿಮ್ಮ ಯಜಮಾನರಂಥ ಶಾಂತ ಪೇಶಂಟ್ ಈ ವಾರ್ಡಿಗೇ ಬಂದಿಲ್ರಿ. ಒಂದ ಮಾತಿಲ್ಲ, ಒಂದ ತಕರಾರಿಲ್ಲ," ಅಂದಳು.

ಕಸ್ತೂರಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ನನ್ನ ಮುಖದ ಹತ್ತಿರ ಬಗ್ಗಿ, ಚಹಾ ಬಿಸಿ ಇತ್ತೇ ಅಂತ ಕೇಳಿದಳು. ಹೂಂ ಅಂದೆ. ಚಹಾ ಆರಿ ಕೆನೆಗಟ್ಟಿ ಹಾಗೇ ಸ್ಟೂಲಿನ ಮೇಲಿತ್ತು. ದಿಂಬು ಚುಚ್ಚುತ್ತದೇನು ಅಂತ ಕೇಳಿದಳು. ಇಲ್ಲ ಅಂದೆ. ಹದಿನಾರು ವರ್ಷದ ಸಂಸಾರದಲ್ಲಿ ನನಗೆ ಚುಚ್ಚದ ದಿಂಬನ್ನು ಆಕೆ ಕಂಡಿರಲಿಲ್ಲ. ಸೆರಗು ಬಿಗಿದು ಎದ್ದು ಹೋಗಿಬಿಟ್ಟಳು.

ಎಲ್ಲಿಗೆ ಹೋದಳು ಅಂತ ನನಗೆ ಗೊತ್ತಾಗಲಿಲ್ಲ. ಆಮೇಲೆ ಆಕೆಯೇ ಹೇಳಿದ್ದು. ದವಾಖಾನೆ ಎದುರಿಗೆ ಒಂದು ಎಸ್‌ಟಿಡಿ ಬೂತು. ತನ್ನ ಜನ್ಮದಲ್ಲಿ ಫೋನ್ ಮುಟ್ಟದ ಹೆಂಗಸು ಒಳಗೆ ನುಗ್ಗಿ, ಅಫಜಲಪುರದ ಬಾಯಿಯ ದವಾಖಾನೆಗೆ ಹಚ್ಚಿಕೊಡು ಅಂತ ಬೂತಿನವನ ಎದುರು ನಿಂತಳು. ಲೈನು ಸಿಗುವತನಕ ಘತ್ತರಗಿಯ ದೇವಿ ಭಾಗ್ಯವಂತಿಗೆ ಬೇಡಿಕೊಂಡಳಂತೆ. ಅದೃಷ್ಟಕ್ಕೆ ಫೋನು ಎತ್ತಿದ್ದು ಬಾಯಿಯವರೇ. ಕಾರ್ಡು ಬಿಟ್ಟ ಮನೆಯವಳು ಅಂತ ಕಸ್ತೂರಿ ಹೆದರಿಕೊಂಡೇ ಹೆಸರು ಹೇಳಿದಳು. ಬಾಯಿ ಕಾರ್ಡಿನ ಮಾತೇ ಎತ್ತಲಿಲ್ಲ.

"ಏನಂತಾನ ಶರಣಪ್ಪ?" ಅಂತ ಕೇಳಿದಳಂತೆ.

"ಏನೂ ಅನ್ನವಲ್ರು ಬಾಯಾರ."

ಆ ಕಡೆ ಬಾಯಿ ಯಾರಿಗೋ ಗದ್ದಲ ಮಾಡಬೇಡ್ರಿ ಅಂತ ಗದರಿದಳು. ಆಮೇಲೆ, "ಎದಿ ಅನ್ನಲಿಲ್ಲ? ಕಿವಿ ಅನ್ನಲಿಲ್ಲ? ಹೊಟ್ಟಿ ಅಂತೂ ಅಂದೇ ಇರಬೇಕು."

"ಹೊಟ್ಟಿ ಹೆಸರೇ ಎತ್ತಿಲ್ರಿ. ಬರೇ ಕಾಲು."

"ಊಟ?"

"ಸೋಮವಾರದಿಂದ ಬಿಟ್ಟಾರ್ರಿ. ಜ್ವರ ಅದ."

ಬಾಯಿ ಆ ದವಾಖಾನೆಯ ಹೆಸರು ಕೇಳಿಕೊಂಡು, ನೀನು ಮಂಚ ಬಿಟ್ಟು ಅಲುಗಬೇಡ ಅಂತ ಹೇಳಿ ಫೋನು ಇಟ್ಟಳು. ಇಟ್ಟವಳೇ ಅಲ್ಲಿಗೆ ಫೋನು ಮಾಡಿ, ಎಲುಬಿನವರನ್ನು ಬಿಟ್ಟು, ಕೊಯ್ಯುವ ಡಾಕ್ಟರನ್ನು ಹುಡುಕಿಸಿ ಕರೆಸಿ ಮಾತಾಡಿದಳು.

ಅವರು ನನ್ನ ಮಂಚದ ಹತ್ತಿರ ಬಂದಾಗ ಹಿಂದೆ ಎಲುಬಿನ ಡಾಕ್ಟರೂ ಇದ್ದರು. ಸರ್ಜನ್ನರದು ದೊಡ್ಡ ಮೀಸೆ, ಸಣ್ಣ ದನಿ. ಅಫಜಲಪುರದಿಂದ ಡಾಕ್ಟರ್ ಬಾಯಿ ಫೋನ್ ಮಾಡಿದ್ದರು ಅಂತ ಹೇಳಿ, "ನೀವು ಭಾಳ ಮಾತಾಡ್ತೀರಂತ, ಹೌದೇನ್ರಿ?" ಅಂತ ಕೇಳಿದರು.

"ಇಲ್ರಿ," ಅಂದೆ.

ಅವರು ಎಲುಬಿನ ಡಾಕ್ಟರ ಮುಖ ನೋಡಿದರು. ಅಂಗಿ ಮೇಲೆತ್ತಿ ಹೊಟ್ಟೆಯ ಎಡಬದಿ ಒತ್ತಿದರು, ಮೇಲೆ ಒತ್ತಿದರು, ಆಮೇಲೆ ಬಲಬದಿಗೆ ಬಂದರು. ಅವರ ಬೆರಳು ಮೆಲ್ಲಗೆ ಒಳಗಿಳಿಯಿತು. ಕಣ್ಣಲ್ಲಿ ನೀರು ತುಂಬಿ ಗೋಡೆ ಕಾಣದಾಯಿತು. ನೋವಿದೆಯೇ ಅಂತ ಕೇಳಿದರು. ನಾನು ತಲೆಯಾಡಿಸಿ ಇಲ್ಲ ಅಂದೆ! ಇಷ್ಟಾದ ಮೇಲೂ ಇಲ್ಲ ಅಂದೆ. ಇಷ್ಟು ದಿನ ಹೊತ್ತ ಕಾಲನ್ನು ಈಗ ಇಳಿಸಿದರೆ ಈ ದೊಡ್ಡ ದವಾಖಾನೆಯ ಬಿಲ್ಲನ್ನು ಯಾರ ತಲೆಗೆ ಕಟ್ಟಲಿ ಅನ್ನುವುದೇ ನನ್ನ ತಲೆಯೊಳಗೆ ಸುತ್ತುತ್ತಿತ್ತು. ಬಡ್ಡಿಮಗಂದು, ಚಿಂತೆ ಮಾಡಿ ಮಾಡಿ ರೂಢಿಯಾದವನಿಗೆ ಸಾಯುವಾಗಲೂ ತಪ್ಪು ಚಿಂತೆಯೇ ಹತ್ತುತ್ತದೆ ನೋಡಿ.

ಕಸ್ತೂರಿ ಆಗ ಎಲ್ಲರೆದುರಿಗೆ ಬಾಯಿಬಿಟ್ಟಳು. ಡಾಕ್ಟರರ ಎದುರಿಗೆ ಗಂಡನ ಮಾತಿಗೆ ಅಡ್ಡ ಬರುವ ಹೆಂಗಸಲ್ಲ ಅದು. ಹೊಟ್ಟೆಗೆ ಪಾಲಿಸಿ ಇಲ್ಲ, ಕಾಲಿಗೆ ಮಾತ್ರ ಇದೆ, ಅದಕ್ಕೇ ಇವರು ಹೀಗೆ ಮಾಡುತ್ತಿದ್ದಾರೆ ಅಂತ ಸರ್ಜನ್ನರಿಗೆ ಹೇಳಿದಳು. ಅದನ್ನು ಯಾವಾಗ ಲೆಕ್ಕ ಹಾಕಿದಳೋ ಶಿವನೇ ಬಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಪಾಲಿಸಿಯವರು ಕಾಲು ಉಳಿಸಿಕೊಡ್ತಾರಂತ, ಬರೇ ಕಾಲೊಂದ ನಾ ಮನಿಗಿ ಒಯ್ಯಲೇನ್ರಿ?"

ಸರ್ಜನ್ನರು ಒತ್ತಿದ್ದ ಕೈಯನ್ನು ಒಮ್ಮೆಲೇ ತೆಗೆದರು. ನಾನು ಕೂಗಿದ್ದು ಕೆಳಗಿನ ಔಷಧ ಅಂಗಡಿಯವರೆಗೂ ಕೇಳಿತಂತೆ. ಎರಡು ದಿನದಿಂದ ತಡೆದಿಟ್ಟದ್ದೆಲ್ಲ ಒಂದೇ ಸಲಕ್ಕೆ ಬಂತು: ಹೊಟ್ಟೆ, ಹೊಟ್ಟೆಯೇ, ಸೋಮವಾರದಿಂದ ಹೊಟ್ಟೆಯೇ, ಈ ತೂಕದ ಕಲ್ಲು ಬಿಚ್ಚಿರಿ ಅಂತ. ಎಲುಬಿನ ಡಾಕ್ಟರು ತಾವೇ ಬಗ್ಗಿ ತೂಕ ಬಿಚ್ಚಿದರು. ಅವರ ಕಿವಿ ಕೆಂಪಾಗಿತ್ತು. ಅವರದೇನು ತಪ್ಪು? ನಾನು ತೋರಿಸಿದ ರೋಗಕ್ಕೆ ಅವರು ಔಷಧ ಕೊಟ್ಟಿದ್ದರು.

ಅಪೆಂಡಿಕ್ಸು. ಅದೂ ಕರುಳಿನ ಹಿಂದೆ ಅಡಗಿ ಕೂತದ್ದು, ಅದಕ್ಕೇ ಕಾಲು ಜಗ್ಗುತ್ತಿತ್ತು. ಒಡೆಯುವ ಹಂತಕ್ಕೆ ಬಂದಿದೆ, ಒಡೆದರೆ ಹೊಟ್ಟೆ ತುಂಬ ಕೀವಾಗುತ್ತದೆ, ಆಮೇಲೆ ನಮ್ಮ ಕೈಯಲ್ಲಿಲ್ಲ ಅಂತ ಹೇಳಿ ಸರ್ಜನ್ನರು ಬಿರಬಿರನೆ ನಡೆದರು. ಆಮೇಲಿನದು ಜಾತ್ರೆಯಲ್ಲಿ ಸಿಕ್ಕಿಕೊಂಡ ಹಾಗೆ. ಒಬ್ಬ ಕೈಗೆ ಸೂಜಿ ಚುಚ್ಚಿದ, ಒಬ್ಬ ಅಂಗಿ ಬಿಚ್ಚಿದ, ಇಬ್ಬರು ಗಾಲಿ ಮಂಚ ತಳ್ಳಿಕೊಂಡು ಓಡಿದರು. ಕೊರಳಿನಲ್ಲಿ ಏನೂ ಇರಕೂಡದು ಅಂದಾಗ ಕಸ್ತೂರಿ ಲಿಂಗದ ಕರಡಿಗೆಯನ್ನು ಬಿಚ್ಚಿ ನನ್ನ ತೋಳಿಗೆ ಬಿಗಿದು ಕಟ್ಟಿ, ಮಂಚದ ಸಮಕ್ಕೆ ಓಡುತ್ತ ಬಂದಳು. ಬಾಗಿಲಲ್ಲಿ ಆಕೆಯನ್ನು ನಿಲ್ಲಿಸಿದರು. ಏನಾದರೂ ಹೇಳಬೇಕು ಅಂದುಕೊಂಡೆ. ಇಷ್ಟು ವರ್ಷ ಬೇಡದ್ದನ್ನೆಲ್ಲ ಹೇಳಿ ಮುಗಿಸಿದ್ದೆ, ಬೇಕಾದ್ದು ನೆನಪಾಗಲಿಲ್ಲ. ಮೂಗಿನ ಮೇಲೆ ರಬ್ಬರಿನ ಮುಖವಾಡ ಬಂತು, ದೀಪ ದೊಡ್ಡದಾಯಿತು, ಅಷ್ಟೇ.

ಎಚ್ಚರಾದಾಗ ಕಿಡಕಿಯಿಂದ ಬೆಳಗಿನ ಬಿಸಿಲು ಬಿದ್ದಿತ್ತು. ಮಂಚದ ಬದಿಗೆ ಸ್ಟೂಲಿನ ಮೇಲೆ ಕಸ್ತೂರಿ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕಣ್ಣನ್ನಲ್ಲ, ಬಾಯಿಯನ್ನು. ಆಪರೇಷನ್ ಸರಿಯಾಗಿದೆ, ಒಡೆಯುವ ಮೊದಲೇ ತೆಗೆದರು ಅಂತ ಸರ್ಜನ್ನರು ಆಕೆಗೆ ಹೇಳಿ ಹೋಗಿದ್ದರು. ಆಕೆ ನಂಬಿರಲಿಲ್ಲ. ನಾನು ನಾಲಿಗೆ ಆಡಿಸಿ ನೋಡಿದೆ. ಗಂಟಲು ಒಣಗಿ ಹಂಚಾಗಿತ್ತು.

"ಏ, ಈ ದಿಂಬು ಯಾರ್ ಇಟ್ಟಾರ? ಕಲ್ಲಿದ್ದಂಗ ಅದ. ಕುತಿಗಿ ಹಿಡದದ. ಬೆನ್ನಾಗ ಚಳುಕು ಹೊಡ್ಯಾಕತ್ತದ. ಆ ಫ್ಯಾನ್ ನೋಡು, ಸೀದಾ ನನ್ನ ತಲಿ ಮ್ಯಾಲೆ ಬೀಳೂ ಹಂಗ ಅದ. ಈ ಕಿವಿ ಯಾಕೋ ಗುಂಯ್ ಅಂತದ..."

ಕಸ್ತೂರಿ ಸೆರಗು ಬಾಯಿಗೆ ತುರುಕಿಕೊಂಡು ಅಳಲಿಕ್ಕೆ ಶುರುಮಾಡಿದಳು. ಹೊಟ್ಟೆಯಲ್ಲಿ ಹೊಲಿಗೆ ಇದ್ದವನು ನಾನು, ಅಳುವವಳು ಆಕೆ. ಅಳುತ್ತಲೇ, "ಇನ್ನ?" ಅಂದಳು. ನಾನು ಕಾಲಿನವರೆಗೂ ಇಳಿದೆ. ಕಾಲು ಮಾತ್ರ ಚೊಕ್ಕ ಇದೆ ಅಂದೆ. ಆಕೆಗೆ ಅಳುವಿನ ನಡುವೆಯೇ ನಗು ಬಂತು. ನನಗೂ ಬಂತು. ನಕ್ಕರೆ ಹೊಲಿಗೆ ಜಗ್ಗುತ್ತದೆ ಅಂತ ಅದನ್ನೂ ಹೇಳಿದೆ. ಬಾಗಿಲಲ್ಲಿ ನರ್ಸಮ್ಮ ನಿಂತು, ತನ್ನ ಶಾಂತ ಪೇಶಂಟ್ ಎಲ್ಲಿ ಹೋದ ಅನ್ನುವ ಹಾಗೆ ನೋಡುತ್ತಿದ್ದಳು.

ಮುಂದಿನದು ಬೇಗ ಹೇಳಿ ಮುಗಿಸುತ್ತೇನೆ. ಕಂಪನಿಯವರು ಕಾಯಿದೆ ಪ್ರಕಾರ ನಡೆದುಕೊಂಡರು. ಕಾಲನ್ನು ಜಗ್ಗಿದ್ದಕ್ಕೆ ದುಡ್ಡು ಕಳಿಸಿದರು, ಜೀವ ಉಳಿಸಿದ್ದಕ್ಕೆ ಕಳಿಸಲಿಲ್ಲ. ಆಪರೇಷನ್ನಿನ ಬಿಲ್ಲನ್ನು ಅಣ್ಣನೂ ನಾನೂ ಹೇಗೋ ಹೊಂದಿಸಿದೆವು. ಬಸವಂತರಾಯ ಮಾತ್ರ, ಕಾಲಿಗೆ ದುಡ್ಡು ಬಂತೋ ಇಲ್ಲವೋ ಅಂತ ಇವತ್ತಿಗೂ ಊರೂರಲ್ಲಿ ನನ್ನ ಉದಾಹರಣೆ ಕೊಡುತ್ತಾನಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕಸ್ತೂರಿ, ಮಕ್ಕಳ ಹೆಸರಿನಲ್ಲಿ ಪಾಲಿಸಿಯನ್ನು ಈಗಲೂ ಇಟ್ಟುಕೊಂಡಿದ್ದೇನೆ. ದೊಡ್ಡ ಊರಿನ ದೊಡ್ಡ ಆಪರೇಷನ್ನಿಗೆ ಅದು ಬೇಕಾಗುತ್ತದೆ, ಅದನ್ನು ಅನುಭವದಿಂದ ಹೇಳಬಲ್ಲೆ. ಆದರೆ ಮುಂದಿನ ಸುಗ್ಗಿಗೆ ಜೋಳದ ಡಬ್ಬಿ ಹೊತ್ತು ಪಾಳಿಯಲ್ಲಿ ನಿಂತೆ. ಬಾಯಿಯವರು ಹೊಲಿಗೆಯ ಕಲೆ ಒತ್ತಿ ನೋಡಿದರು. ಇನ್ನೇನು ತ್ರಾಸ ಅಂತ ಕೇಳಿದರು. ಎದೆಯಿಂದ ಶುರುಮಾಡಿ ನಾನು ಒಂದೊಂದಾಗಿ ಹೇಳಿದೆ, ಹಿಂದಿನವರು ಕೂತುಬಿಟ್ಟರು, ಆಕೆ ಕೊನೆಯವರೆಗೂ ಕೇಳಿದಳು. ಕೇಳಿ, ಪೂರಾ ಚೊಕ್ಕ ಇದ್ದೀ ಹೋಗು ಅಂದಳು. ಈ ಸಲ ಅದು ಅವಮಾನ ಅನಿಸಲಿಲ್ಲ.

ಪಾಲಿಸಿ ಬದಲಿಸಿದವನು ಏನನ್ನು ಬದಲಿಸುತ್ತಾನೆ ಅನ್ನುವುದು ನನಗೆ ಆ ಮಂಚದ ಮೇಲೆ ತಿಳಿಯಿತು. ನಾನು ಬಿಟ್ಟುಬಂದದ್ದು ಒಂದು ಡಬ್ಬಿ ಜೋಳ, ಹಳದಿ ಕಾರ್ಡು ಅಂದುಕೊಂಡಿದ್ದೆ. ಬಿಟ್ಟದ್ದು ನಾನು ಹೇಗಿದ್ದರೆ ಚೆನ್ನಾಗಿದ್ದೇನೆ ಅಂತ ಗೊತ್ತಿದ್ದ ಒಬ್ಬ ಡಾಕ್ಟರನ್ನು. ಹೊಸಬರಿಗೆ ಅದು ಹೇಗೆ ಗೊತ್ತಾಗಬೇಕು? ಅವರ ಕಣ್ಣಿಗೆ ನಾನು ಶಾಂತ ಮನುಷ್ಯನಾಗಿಯೇ ಸತ್ತುಹೋಗುತ್ತಿದ್ದೆ.

ಈಗಲೂ ಒಮ್ಮೊಮ್ಮೆ ಮನೆಯಲ್ಲಿ ಹೆಂಗಸರ ಸಣ್ಣ ವಾಚು ಬಿಚ್ಚಿಕೊಂಡು ಕೂತಾಗ ಮಾತು ಮರೆತುಹೋಗುತ್ತದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತದೆ. ಹಿಟ್ಟಿನ ಕೈಯಲ್ಲೇ ಕಸ್ತೂರಿ ಬಾಗಿಲಿಗೆ ಬಂದು ನಿಲ್ಲುತ್ತಾಳೆ.

"ಯಾಕ್ರಿ, ಏನೂ ಅನ್ನವಲ್ರಿ?"

ನಾನು ಲಗುಬಗೆಯಿಂದ ಮೈಯೆಲ್ಲ ಹುಡುಕಾಡಿ, ಭುಜ ಹಿಡಿದಿದೆ ಅನ್ನುತ್ತೇನೆ. ಆಕೆ ನಿರಾಳವಾಗಿ ಒಳಗೆ ಹೋಗುತ್ತಾಳೆ. ರೊಟ್ಟಿಯ ಸಪ್ಪಳ ಮತ್ತೆ ಶುರುವಾಗುತ್ತದೆ.